ಮೆಟ್ಟಿಲು ಗುಡಿಸುವ ಸರದಿ

ಬೈಸಿಕೊಂಡಾಗ ಬರುವ ಸಿಟ್ಟಿಗಿಂತ, ನಗುನಗುತ್ತಾ ಬುದ್ಧಿ ಹೇಳಿಸಿಕೊಂಡಾಗ ಬರುವ ಸಿಟ್ಟು ದೊಡ್ಡದು. ಬೈದವರಿಗೆ ತಿರುಗಿಸಿ ಬೈಯಬಹುದು. ಪೊರಕೆ ಹಿಡಿಯುವುದನ್ನು ಅಕ್ಕರೆಯಿಂದ ಕಲಿಸಿಕೊಡುವ ನೆರೆಮನೆಯಾಕೆಗೆ ಏನು ಹೇಳುವುದು?

ಜರ್ಮನಿಯ ಶ್ವೀಬರ್ಡಿಂಗೆನ್‌ನ ನಮ್ಮ ಕಟ್ಟಡದಲ್ಲಿ ಆರು ಮನೆ. ಈ ಸೀಮೆಯಲ್ಲಿ ಮೆಟ್ಟಿಲು ಗುಡಿಸಲು ವಾರಕ್ಕೊಂದು ಮನೆಯ ಸರದಿ. ಅದರ ಹೆಸರು ಕೇರ್‌ವೋಖೆ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ನೇತುಹಾಕುತ್ತಾರೆ. ಹನ್ನೊಂದು ವರ್ಷದ ಹಿಂದೆ ನನ್ನ ಬಾಗಿಲಿಗೆ ಮೊದಲ ಸಲ ಆ ಹಲಗೆ ಬಂದಾಗ, ಮೈಸೂರಿನವರ ಶುಚಿ ಎಂದರೇನೆಂದು ತೋರಿಸೋಣವೆಂದು ಎರಡು ಬಕೆಟ್ ನೀರು ಸುರಿದು ತೊಳೆದೆ. ಮರದ ಮೆಟ್ಟಿಲು. ನೀರು ನೆಲಮಾಳಿಗೆಗೆ ಇಳಿದು, ಕೆಳಮನೆಯಾಕೆ ಫ್ರೌ ಕ್ಲೈನ್ ಅವರ ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳೆಲ್ಲ ತೊಯ್ದು ತೊಪ್ಪೆ. ತಪ್ಪು ನನ್ನದೇ. ಹೊಸ ಪೆಟ್ಟಿಗೆ, ಕೇಕು, ಕ್ಷಮೆ ಎಲ್ಲವನ್ನೂ ಒಪ್ಪಿಸಿದೆ.

ಆದರೆ ಹನ್ನೊಂದು ವರ್ಷ! ಅಷ್ಟರಲ್ಲಿ ಜರ್ಮನ್ ಕಲಿತೆ, ಪರೀಕ್ಷೆ ಪಾಸಾದೆ, ಈ ದೇಶದ ಪ್ರಜೆಯೂ ಆದೆ. ಕಸ ವಿಂಗಡಿಸುವುದರಲ್ಲಿ ಕಟ್ಟಡದಲ್ಲೇ ನನ್ನ ಸಮಾನರಿಲ್ಲ. ಆದರೂ ನನ್ನ ಸರದಿಯ ಪ್ರತಿ ಶನಿವಾರ ಫ್ರೌ ಕ್ಲೈನ್ ಬಂದು, ನಾನು ಜರ್ಮನ್‌ನಲ್ಲಿ ಮಾತಾಡಿದರೂ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಹೇಳುತ್ತಾರೆ: "ನೋ... ವಾಟರ್!" ಮೂಲೆಯಲ್ಲಿ ಪೊರಕೆ ಹೇಗೆ ತಿರುಗಿಸಬೇಕೆಂದು ತೋರಿಸುತ್ತಾರೆ. ನಾನು ಗುಡಿಸಿ ಒಳಬಂದು ಬಾಗಿಲು ಹಾಕಿದರೆ ಸಾಕು, ಹೊರಗೆ ಮತ್ತೆ ಪೊರಕೆಯ ಸದ್ದು. ಅದೇ ಮೆಟ್ಟಿಲು, ಅವರ ಪೊರಕೆ! ಮೈಯೆಲ್ಲ ಉರಿಯುತ್ತದೆ. ಈ ಕಟ್ಟಡದವನೇ ಎನಿಸಿಕೊಳ್ಳಲು ನಾನು ಇನ್ನೇನು ಮಾಡಬೇಕು?

"ಗುಡಿಸ್ಲಿ ಬಿಡ್ರೀ, ನಿಮ್ ಗಂಟೇನು ಹೋಯ್ತು?" ಎನ್ನುತ್ತಾಳೆ ನನ್ನ ಹೆಂಡತಿ ಸುಮಾ.

"ಮರ್ಯಾದೆ ಹೋಯ್ತಲ್ಲೇ!"

ಹೋದ ತಿಂಗಳು ಮೇಲಿನ ಮನೆಗೆ ಹ್ಯಾಂಬರ್ಗಿನ ಎಂಜಿನಿಯರ್ ಒಬ್ಬ ಬಂದ. ಅವರ ಊರಿನಲ್ಲಿ ಈ ಸರದಿಯೇ ಇಲ್ಲವಂತೆ. ಅವನು ಮೊದಲ ಸಲ ಗುಡಿಸುತ್ತಿದ್ದಾಗ ಫ್ರೌ ಕ್ಲೈನ್ ನನ್ನ ಪಕ್ಕ ನಿಂತು, "ಅವನು ನಮ್ಮ ಕಡೆಯವನಲ್ಲ," ಎಂದು ಪಿಸುಗುಟ್ಟಿದರು. ನಮ್ಮ ಕಡೆ! ಅದೂ ಜರ್ಮನ್‌ನಲ್ಲಿ! ನಾನು ಉಬ್ಬಿಹೋದೆ. ತಕ್ಷಣ ಮೆಟ್ಟಿಲು ಹತ್ತಿ, ಅವನ ಕೈಯಿಂದ ಪೊರಕೆ ತೆಗೆದುಕೊಂಡು, ಮೂಲೆಯಲ್ಲಿ ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟೆ. ಅವನು ಬೆಪ್ಪಾಗಿ ನನ್ನನ್ನೇ ನೋಡಿದ.

ಒಳಬಂದರೆ ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ರೀ, ಅವ್ನು ಜರ್ಮನ್ನೇ ಕಣ್ರೀ! ಅವ್ನಿಗ್ಯಾಕ್ರೀ ಇಂಗ್ಲಿಷಲ್ಲಿ 'ನೋ ವಾಟರ್' ಅಂದ್ರಿ?"

ಅವನು ಬಾಗಿಲು ಹಾಕಿಕೊಂಡ ಸದ್ದು ಕೇಳಿದ್ದೇ ಪೊರಕೆ ಹಿಡಿದು ಹೊರಟೆ. ಅವನು ಗುಡಿಸಿದ ಮೆಟ್ಟಿಲನ್ನೆಲ್ಲ ಮತ್ತೊಮ್ಮೆ ಗುಡಿಸಿ ಬಂದು, ಕಾಫಿ ಲೋಟ ಹಿಡಿದು ನೆಮ್ಮದಿಯಾಗಿ ಕೂತೆ.

ಹೊರಗೆ ಫ್ರೌ ಕ್ಲೈನ್ ಅವರ ಪೊರಕೆಯ ಸದ್ದು ಶುರುವಾಯಿತು.