ಸಾಣೆ ಬೇಡದ ಬ್ಲೇಡು

ಕೇಳದೇ ಉಪಕಾರ ಮಾಡುವವರಿಗೆಂದೇ ಒಂದು ಜೈಲು ಇರಬೇಕಿತ್ತು. ಇದ್ದಿದ್ದರೆ ಆ ಶನಿವಾರ ಬೆಳಗ್ಗೆ ಏಳು ಗಂಟೆಗೇ ಪಾರ್ಸೆಲ್‌ನ ಬಾಮೈದ ಅದರೊಳಗಿರುತ್ತಿದ್ದ.

ಪಾರ್ಸೆಲ್ ಎಂದರೆ ಮನುಷ್ಯನೇ. ಅಂಚೆ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಪಾರ್ಸೆಲ್ಲುಗಳನ್ನು ತೂಗಿ, ಮೊಹರು ಒತ್ತಿ, ಮೂಟೆಗೆ ಎಸೆಯುವ ಗುಮಾಸ್ತನಿಗೆ ಜೊತೆಯವರು ಇಟ್ಟ ಹೆಸರು ಅದು. ಆ ಕಚೇರಿಗೊಂದು ಐಸ್ ಹಾಕಿ ತಂಡವಿತ್ತು. ತಂಡದಲ್ಲಿ ಪಾರ್ಸೆಲ್ ಒಂಬತ್ತು ವರ್ಷದಿಂದ ಇದ್ದ. ಇದ್ದ ಎಂದರೆ ಬೆಂಚಿನ ಮೇಲೆ ಕೂತಿದ್ದ. ಒಂದು ದಿನವೂ ಪಂದ್ಯಕ್ಕೆಂದು ಮಂಜಿನ ಮೇಲೆ ಕಾಲಿಟ್ಟವನಲ್ಲ. ‘ಶನಿವಾರ ಸಂಜೆ ಚೀಲ ಹೆಗಲಿಗೇರಿಸ್ಕೊಂಡು ಎಲ್ಲಿಗೋ ಹೋಗಿ ಬರ್ತಾರೆ. ಕೇಳಿದ್ರೆ ಹಾಕಿ ಅಂತಾರೆ. ನಾನಂತೂ ಆಡಿದ್ದು ನೋಡಿಲ್ಲಮ್ಮಾ’ ಎಂದು ಅವನ ಅತ್ತೆ ಮನೆಗೆ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಪಾರ್ಸೆಲ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವಾರ ಎಡಗಡೆ ಕಾಯುವ ಆಟಗಾರ ಕಿಡ್ನಿಯಲ್ಲಿ ಕಲ್ಲಾಗಿ ಆಸ್ಪತ್ರೆ ಸೇರಿದ. ಕ್ಯಾಪ್ಟನ್ ಬೇರೆ ದಾರಿ ಕಾಣದೆ, ‘ಶನಿವಾರ ಆರು ಗಂಟೆಗೆ ವಿದ್ಯುತ್ ಕಚೇರಿಯವರ ಮೇಲೆ ನೀನೇ ಆಡು’ ಎಂದಿದ್ದ. ಪಾರ್ಸೆಲ್ ಮನೆಗೆ ಓಡಿಬಂದು ಮೊದಲು ಅತ್ತೆಗೆ ಹೇಳಿದ. ಅತ್ತೆ, ‘ಹಂಗಾದ್ರೆ ನಾನೂ ಬರ್ತೀನಿ, ಅಳಿಯಂದ್ರೆ. ಕಣ್ಣಾರೆ ನೋಡೇಬಿಡೋಣ’ ಎಂದರು.

ಪಂದ್ಯದ ದಿನ ಬೆಳಗ್ಗೆ ಚೀಲದಿಂದ ಬೂಟು ತೆಗೆದು ಅಡಿಯ ಬ್ಲೇಡಿನ ಮೇಲೆ ಹೆಬ್ಬೆರಳು ಆಡಿಸಿದವನು ‘ಅಯ್ಯಯ್ಯೋ!’ ಎಂದು ಕಿರುಚಿದ. ಬೆರಳು ಕುಯ್ದು ರಕ್ತ ತೊಟ್ಟಿಕ್ಕುತ್ತಿತ್ತು. ಆದರೆ ಅವನು ಕಿರುಚಿದ್ದು ರಕ್ತ ನೋಡಿ ಅಲ್ಲ.

ಐಸ್ ಹಾಕಿಯ ಬ್ಲೇಡು ಚಾಕುವಿನ ಹಾಗೆ ಇರುವುದಿಲ್ಲ. ಅದರ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂಥ ತಗ್ಗು. ತಗ್ಗಿನ ಎರಡು ಬದಿಗೆ ಎರಡು ಅಂಚು. ಎರಡೂ ಹರಿತವಾಗಿರಬೇಕು, ಎರಡೂ ಒಂದೇ ಎತ್ತರಕ್ಕಿರಬೇಕು. ತಿರುಗುವುದು, ನಿಲ್ಲುವುದು ಎಲ್ಲ ಆ ಅಂಚುಗಳ ಮೇಲೆಯೇ. ಈಗ ಪಾರ್ಸೆಲ್‌ನ ಬ್ಲೇಡಿನಲ್ಲಿ ತಗ್ಗೂ ಇಲ್ಲ, ಎರಡು ಅಂಚೂ ಇಲ್ಲ. ನಟ್ಟನಡುವೆ ಒಂದೇ ಒಂದು ಚೂಪು ಗೆರೆ.

‘ಹೆಂಗಿದೆ ಭಾವ?’ ಬಾಮೈದ ಹಲ್ಲುಜ್ಜುತ್ತಾ ಬಂದು ನಿಂತ. ಅವನು ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ‘ರಾತ್ರಿ ತಗೊಂಡ್ಹೋಗಿ ನಮ್ಮ ಹೋಟೆಲ್ ಚಕ್ರದಲ್ಲಿ ಸಾಣೆ ಹಿಡಿದೆ. ಎರಡು ಗಂಟೆ ಹಿಡೀತು. ಮಧ್ಯದಲ್ಲಿ ಅದೇನೋ ಹಳ್ಳ ಬಿದ್ದಿತ್ತು, ಅದನ್ನೂ ತೆಗೆದುಬಿಟ್ಟೆ.’

‘ಆ ಹಳ್ಳಾನೇ ಕಣೋ ಬ್ಲೇಡು!’

‘ರೀ, ಪಾಪ ನಿಮಗೋಸ್ಕರ ನಿದ್ದೆಗೆಟ್ಟಿದಾನೆ. ಬೈತೀರಲ್ಲ!’ ಎಂದು ಒಳಗಿನಿಂದ ಹೆಂಡತಿ ಬಂದಳು. ಅತ್ತೆ ಕುರ್ಚಿಯಲ್ಲೇ ಕೂತು, ‘ಆಡದೇ ಇರೋಕೆ ಒಂದು ನೆಪ ಸಿಕ್ತು ಬಿಡು’ ಎಂದರು.

ಪಾರ್ಸೆಲ್ ಹಲ್ಲು ಕಡಿದುಕೊಂಡು, ಬೂಟನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟ.

ಆ ಊರಿನಲ್ಲಿ ಸಾಣೆ ಹಿಡಿಯುವವರು ಇಬ್ಬರೇ. ಒಬ್ಬ ಆಟದ ಅಂಗಣದ ಯಂತ್ರದವನು. ಅವನ ಯಂತ್ರ ಸೊಟ್ಟಗೆ ನಿಂತು ಯಾವ ಕಾಲವಾಯಿತೋ, ಅದರಲ್ಲಿ ಸಾಣೆಯಾದ ಬ್ಲೇಡಿಗೆ ಒಂದಂಚು ಮೇಲೆ, ಒಂದಂಚು ಕೆಳಗೆ. ಹಾಗಾಗಿ ಊರಿನ ಆಟಗಾರರೆಲ್ಲ ಎಡಕ್ಕೆ ಚೆನ್ನಾಗಿ ತಿರುಗುತ್ತಿದ್ದರು, ಬಲಕ್ಕೆ ತಿರುಗಹೋದರೆ ಬೀಳುತ್ತಿದ್ದರು. ಇನ್ನೊಬ್ಬಳು ಸಾಣೆಯಮ್ಮ. ಆಸ್ಪತ್ರೆಯ ಕತ್ತರಿ, ಚೂರಿಗಳನ್ನು ಮೂವತ್ತು ವರ್ಷ ಹರಿತ ಮಾಡಿ ನಿವೃತ್ತಳಾದವಳು. ಅವಳ ಕೈಯಲ್ಲಿ ಸಾಣೆಯಾದ ಬ್ಲೇಡು ಮಂಜಿನ ಮೇಲೆ ಹೇಳಿದ ಮಾತು ಕೇಳುತ್ತದೆ ಎನ್ನುತ್ತಿದ್ದರು. ಆದರೆ ಒಮ್ಮೆ ಆ ಯಂತ್ರದವನ ಕೈಗೆ ಬ್ಲೇಡು ಕೊಟ್ಟವನನ್ನು ಅವಳು ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಅಂಚೆ ತಂಡ, ವಿದ್ಯುತ್ ತಂಡ, ಎಲ್ಲರಿಗೂ ಬಹಿಷ್ಕಾರ. ಪಾರ್ಸೆಲ್ ಒಬ್ಬನೇ ಯಂತ್ರದವನ ಹತ್ತಿರ ಹೋದವನಲ್ಲ. ಬೆಂಚಿನ ಮೇಲೆ ಕೂರುವವನ ಬ್ಲೇಡು ಮೊಂಡಾಗುವುದಾದರೂ ಹೇಗೆ?

ಸಾಣೆಯಮ್ಮ ಕನ್ನಡಕ ಏರಿಸಿ ಬ್ಲೇಡು ನೋಡಿದಳು. ಅವಳ ಮೂಗಿನ ಹೊಳ್ಳೆ ಅರಳಿತು.

‘ಯಾವನಯ್ಯಾ ಇದನ್ನ ಮಾಡಿದ್ದು?’

‘ನನ್ನ ಬಾಮೈದ, ಅಮ್ಮಾ.’

‘ಇದು ಸಾಣೆ ಅಲ್ಲ, ಕೊಲೆ. ಇದನ್ನ ತಂದು ನನಗೆ ತೋರಿಸ್ತೀಯಲ್ಲ, ನಾಚಿಕೆ ಆಗಲ್ವಾ? ಎದ್ದು ಹೋಗು!’

‘ಸ್ವಲ್ಪ ಸರಿ ಮಾಡಿ ಅಮ್ಮಾ, ಸಂಜೆ ಪಂದ್ಯ...’

‘ಪಂದ್ಯದ ದಿನ ಬರೋವ್ರನ್ನ ಕಂಡ್ರೇ ನನಗಾಗಲ್ಲ. ಮೂರು ದಿನ ಮುಂಚೆ ಬರಬೇಕು. ಹೋಗ್ತೀಯೋ, ಇದರಲ್ಲೇ ನಿನ್ನ ಕಿವಿ ಕುಯ್ಯಲೋ?’

ಬಾಗಿಲು ಧಡಾರೆಂದು ಮುಚ್ಚಿತು. ಪಾರ್ಸೆಲ್‌ಗೆ ಪಿತ್ತ ನೆತ್ತಿಗೇರಿತು. ಬಾಮೈದನ ಮೇಲಿನ ಸಿಟ್ಟು, ಅತ್ತೆಯ ಮೇಲಿನ ಸಿಟ್ಟು ಎಲ್ಲ ಸೇರಿ ಆ ಬಾಗಿಲಿಗೆ ಒದೆಯಲು ಹೋದವನು, ಯಾರೋ ನೋಡುತ್ತಿದ್ದಾರೆಂದು ಒದೆಯದೆ ಕಚೇರಿಗೆ ಹೋದ.

ಕಚೇರಿಯಲ್ಲಿ ವಿಷಯ ಗೊತ್ತಾಗಿದ್ದೇ ತಡ, ಕೆಲಸ ನಿಂತುಹೋಯಿತು. ಇದ್ದವರೆಲ್ಲ ಅವನು ತೂಕ ಮಾಡುವ ಮೇಜಿನ ಸುತ್ತ ಸೇರಿದರು.

‘ಹೊಸ ಬ್ಲೇಡು ತಗೋ. ಮಾಮೂಲಿ ಉಕ್ಕಿಂದೇ ತಗೋ’ ಎಂದ ತಂಡದಲ್ಲಿ ಬಲಗಡೆ ಕಾಯುವ ನೋಂದಣಿ ಗುಮಾಸ್ತ.

‘ಮಾಮೂಲಿ ತಗೊಂಡ್ರೆ ಎರಡು ಆಟಕ್ಕೊಂದ್ಸಲ ಸಾಣೆ ಹಿಡಿಸ್ಬೇಕು. ಯಾರ ಹತ್ರ ಹಿಡಿಸ್ತೀಯ? ಗಟ್ಟಿ ಉಕ್ಕಿಂದು ತಗೋ’ ಎಂದ ಗೋಲು ಹೊಡೆಯುವುದರಲ್ಲಿ ಹೆಸರಾಗಿದ್ದ ಸ್ಟಾಂಪಿನವನು. ಅವನು ಅಂಚೆಚೀಟಿ ಮಾರುವ ಕಿಟಕಿಯಲ್ಲಿ ಕೂರುತ್ತಿದ್ದ.

‘ಗಟ್ಟೀದು ಒಂದ್ಸಲ ಮೊಂಡಾದ್ರೆ ದೇವರೇ ಬಂದ್ರೂ ಹರಿತ ಮಾಡೋಕಾಗಲ್ಲ!’

‘ನೀನು ಯಾವತ್ತಾದ್ರೂ ಗಟ್ಟೀದು ಮುಟ್ಟಿ ನೋಡಿದೀಯೇನೋ?’

ಇಬ್ಬರೂ ಕಾಲರ್ ಹಿಡಿದುಕೊಳ್ಳುವ ಹಂತಕ್ಕೆ ಹೋದರು. ಪಾರ್ಸೆಲ್‌ನ ಬ್ಲೇಡಿನ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿತ್ತು, ಅವನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಗದ್ದಲ ಕೇಳಿ ಕ್ಯಾಪ್ಟನ್ ಒಳಗಿನಿಂದ ಬಂದ. ಅವನೇ ಕಚೇರಿಯ ಮೇಲ್ವಿಚಾರಕ ಕೂಡ.

‘ಪಾರ್ಸೆಲ್, ಒಂದೇ ಮಾತು. ಆರು ಗಂಟೆಗೆ ನಿನ್ನ ಕಾಲಲ್ಲಿ ಸರಿಯಾದ ಬ್ಲೇಡು ಇರ್ಬೇಕು. ಇಲ್ಲ ಅಂದ್ರೆ ಬೆಂಚು ಎಲ್ಲಿದೆ ಅಂತ ನಿನಗೆ ಹೇಳ್ಬೇಕಾಗಿಲ್ಲ.’

ಒಂದು ಗಂಟೆಗೆ ಕಚೇರಿ ಮುಗಿದದ್ದೇ ಪಾರ್ಸೆಲ್ ಕ್ರೀಡಾ ಸಾಮಗ್ರಿ ಅಂಗಡಿಗೆ ಓಡಿದ. ಅಂಗಡಿಯವನು ಮೂರು ಡಬ್ಬಿ ತಂದು ಸಾವಕಾಶವಾಗಿ ಒಂದೊಂದೇ ಬಿಚ್ಚಿದ.

‘ಇದು ಮಾಮೂಲಿ ಉಕ್ಕು ಸಾರ್. ಬೇಗ ಹರಿತ ಆಗುತ್ತೆ, ಬೇಗ ಮೊಂಡಾಗುತ್ತೆ. ಇದು ಸ್ವಲ್ಪ ಎತ್ತರದ್ದು, ಎಷ್ಟು ಸಲ ಸಾಣೆ ಹಿಡಿದ್ರೂ ಸವೆಯೋಕೆ ಜಾಗ ಇದೆ. ಒಳ್ಳೆ ಸಾಣೆಯವರು ಕೈಗೆ ಸಿಗೋ ಹಾಗಿದ್ರೆ ಇವೆರಡರಲ್ಲಿ ಒಂದು ತಗೊಳ್ಳಿ.’

‘ಸಾಣೆಯವರ ಹೆಸರೆತ್ತಬೇಡ!’ ಎಂದು ಪಾರ್ಸೆಲ್ ಗುಡುಗಿದ.

‘ಹಾಗಾದ್ರೆ ಇದು. ಕಪ್ಪು ಲೇಪದ ಗಟ್ಟಿ ಉಕ್ಕು. ಒಂದ್ಸಲ ಅಂಚು ಕೂತ್ರೆ ಅರ್ಧ ವರ್ಷ ಸಾಣೆ ಕಡೆ ತಲೆ ಹಾಕ್ಬೇಕಾಗಿಲ್ಲ. ಆದ್ರೆ ಸಾರ್, ಮೊದಲು...’

‘ಸಾಕು, ಕಟ್ಟು.’

‘ಅಲ್ಲ ಸಾರ್, ಮೊದಲು ಒಂದ್ಸಲ...’

‘ಬೆಳಗ್ಗಿಂದ ಊರಿನವರ ಉಪದೇಶ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ನೀನೂ ಶುರು ಮಾಡ್ಬೇಡ. ಕಟ್ಟು ಅಂದ್ರೆ ಕಟ್ಟು!’

ಅಂಗಡಿಯವನು ಕಟ್ಟಿದ. ಪಾರ್ಸೆಲ್ ಡಬ್ಬಿ ಹಿಡಿದು ನೆಟ್ಟಗೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಸುತ್ತು ಬಳಸಿ ಸಾಣೆಯಮ್ಮನ ಬೀದಿಗೇ ಹೋದ. ಅವಳ ಕಿಟಕಿಯ ಕೆಳಗೆ ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ ಕೂಗಿದ.

‘ನೋಡಿ ಅಮ್ಮಾ! ಸಾಣೆ ಬೇಡದ ಬ್ಲೇಡು! ಇನ್ಮೇಲೆ ನಿಮ್ಮ ಹಂಗು ಬೇಕಾಗಿಲ್ಲ. ನಿಮ್ಮ ಸಾಣೆ ಕಲ್ಲು ತಗೊಂಡ್ಹೋಗಿ ಬಾವಿಗೆ ಹಾಕಿ!’

ಸಾಣೆಯಮ್ಮ ಕಿಟಕಿಯಿಂದ ಇಣುಕಿದಳು. ಬೈಯಲಿಲ್ಲ. ಡಬ್ಬಿಯನ್ನು ನೋಡಿ, ಅವನ ಮುಖವನ್ನು ನೋಡಿ, ಬಿದ್ದು ಬಿದ್ದು ನಕ್ಕಳು. ಅವಳು ನಕ್ಕಿದ್ದನ್ನು ಆ ಬೀದಿಯವರು ಅಲ್ಲಿಯವರೆಗೆ ಕಂಡಿರಲಿಲ್ಲ. ಪಾರ್ಸೆಲ್‌ಗೆ ಇನ್ನಷ್ಟು ಸಿಟ್ಟು ಬಂತು.

ಐದು ಗಂಟೆಗೆ ಅಂಗಣದಲ್ಲಿ ಹೊಸ ಬ್ಲೇಡನ್ನು ಬೂಟಿನಡಿಗೆ ಚಕ್ ಎಂದು ಸಿಕ್ಕಿಸಿಕೊಂಡು, ಎದೆ ಉಬ್ಬಿಸಿ ಮಂಜಿನ ಮೇಲೆ ಕಾಲಿಟ್ಟ. ಬಲಗಾಲು ಪೂರ್ವಕ್ಕೆ ಹೋಯಿತು, ಎಡಗಾಲು ಪಶ್ಚಿಮಕ್ಕೆ ಹೋಯಿತು, ನಡುವೆ ಪಾರ್ಸೆಲ್ ದಬಕ್ಕನೆ ಕೂತ. ಎದ್ದ, ಮತ್ತೆ ಬಿದ್ದ. ಮೂರನೆಯ ಸಲ ಕೂತಲ್ಲೇ ಜಾರಿಕೊಂಡು ಹೋಗಿ ಬೇಲಿಗೆ ಬಡಿದ. ಬೇಲಿಯ ಆಚೆ ಯಂತ್ರದವನು ಬಾಯಿಯೊಳಗೆ ಕಡ್ಡಿ ಕಚ್ಚಿಕೊಂಡು ನಿಂತಿದ್ದ.

‘ಮೊದಲ ಸಾಣೆ ಹಿಡಿಸಿಲ್ವೇನ್ರೀ?’

‘ಇದು ಹೊಸಾದು ಕಣಯ್ಯಾ! ಗಟ್ಟಿ ಉಕ್ಕು!’

‘ಯಾವ ಉಕ್ಕಾದ್ರೇನು? ಹೊಸ ಬ್ಲೇಡು ಕಾರ್ಖಾನೆಯಿಂದ ಮೊಂಡಾಗೇ ಬರೋದು. ಅಂಚು ನಾವೇ ಕೂರಿಸ್ಬೇಕು. ಒಂಬತ್ತು ವರ್ಷ ತಂಡದಲ್ಲಿದೀರಿ, ಅಷ್ಟೂ ಗೊತ್ತಿಲ್ವಾ?’

ಗೊತ್ತಿರಲಿಲ್ಲ. ಅವನ ಬೂಟು ಸೋದರಮಾವ ಆಡಿಬಿಟ್ಟದ್ದು, ಬ್ಲೇಡೂ ಅದರ ಜೊತೆಗೇ ಬಂದದ್ದು. ಹೊಸ ಬ್ಲೇಡನ್ನು ಅವನು ಜನ್ಮದಲ್ಲಿ ಕೊಂಡವನಲ್ಲ.

‘ಕೊಡಿ, ಹತ್ತು ನಿಮಿಷದಲ್ಲಿ ಹಿಡಿದುಕೊಡ್ತೀನಿ’ ಎಂದು ಯಂತ್ರದವನು ಕೈ ಚಾಚಿದ. ಮಂಜಿನ ಮೇಲೆ ಅಭ್ಯಾಸಕ್ಕಿಳಿದಿದ್ದ ಎರಡೂ ತಂಡದವರು ಸುತ್ತು ಹೊಡೆಯುತ್ತಿದ್ದರು. ಎಲ್ಲರೂ ಎಡಕ್ಕೇ. ಪಾರ್ಸೆಲ್ ಬೂಟು ಕಳಚಿ, ಅದರ ಬ್ಲೇಡು ಕಿತ್ತುಕೊಂಡು, ಕಾಲುಚೀಲದಲ್ಲೇ ರಸ್ತೆಗೆ ಬಿದ್ದು ಓಡಿದ.

ಸಾಣೆಯಮ್ಮನ ಕಿಟಕಿ ತೆರೆದೇ ಇತ್ತು. ಅವಳು ಅವನಿಗಾಗಿ ಕಾಯುತ್ತಿದ್ದಂತಿತ್ತು.

‘ಅಮ್ಮಾ, ತಪ್ಪಾಯ್ತು.’

‘ಮಧ್ಯಾಹ್ನ ಎಷ್ಟು ಜೋರಾಗಿ ಕೂಗಿದೆಯೋ ಅಷ್ಟೇ ಜೋರಾಗಿ ಕೂಗು.’

‘ತಪ್ಪಾಯ್ತು ಅಮ್ಮಾ!’ ಪಾರ್ಸೆಲ್ ಬೀದಿಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ‘ನಾನು ಮೂರ್ಖ! ನಿಮ್ಮ ಕಲ್ಲು ಬಾವಿಗೆ ಹಾಕ್ಬೇಡಿ!’

‘ಆ ಯಂತ್ರದವನ ಕೈಗೆ ಕೊಟ್ಟಿಲ್ಲ ತಾನೇ?’

‘ಆಣೆಗೂ ಇಲ್ಲ. ಅವನು ಕೈ ಚಾಚಿದ, ನಾನು ಓಡಿಬಂದೆ.’

ಸಾಣೆಯಮ್ಮ ಬಾಗಿಲು ತೆಗೆದಳು. ಬೈಯುತ್ತಲೇ ಕೂತಳು, ಬೈಯುತ್ತಲೇ ಕಲ್ಲು ತಿರುಗಿಸಿದಳು. ಬ್ಲೇಡಿನ ಮೇಲೆ ಒಂದು ಕಡ್ಡಿಯನ್ನು ಅಡ್ಡ ಇಟ್ಟು ಅಂಚುಗಳ ಎತ್ತರ ನೋಡಿದಳು, ತಲೆ ಅಲ್ಲಾಡಿಸಿ ಮತ್ತೆ ಹಿಡಿದಳು. ಗಟ್ಟಿ ಉಕ್ಕು ಕಿಡಿ ಕಾರಿತು. ಪಾರ್ಸೆಲ್ ಗೋಡೆ ಗಡಿಯಾರ ನೋಡುತ್ತಾ ಉಗುರು ಕಚ್ಚುತ್ತಿದ್ದ. ಕೊನೆಗೆ ಅವಳು ತನ್ನ ಉಗುರನ್ನು ಅಂಚಿಗೆ ತಾಗಿಸಿದಳು. ಉಗುರಿನ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದಿತು.

‘ಹೋಗು. ಇಂಥಾ ಅಂಚು ಈ ಊರಲ್ಲಿ ಇವತ್ತು ಯಾರ ಕಾಲಲ್ಲೂ ಇಲ್ಲ’ ಎಂದಳು.

ಆರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಪಾರ್ಸೆಲ್ ಅಂಗಣ ಸೇರಿದ. ಮೆಟ್ಟಿಲುಗಳ ಮೇಲೆ ಹೆಂಡತಿ, ಬಾಮೈದ, ಅತ್ತೆ ಸಾಲಾಗಿ ಕೂತಿದ್ದರು. ಪಾರ್ಸೆಲ್ ಬ್ಲೇಡು ಸಿಕ್ಕಿಸಿಕೊಂಡು ಮಂಜಿಗಿಳಿದ. ಒಂದು ಹೆಜ್ಜೆ ತಳ್ಳಿದರೆ ನಾಲ್ಕು ಮಾರು ಸಾಗಿದ. ಎಡಕ್ಕೆ ತಿರುಗಿದ. ಬಲಕ್ಕೆ ತಿರುಗಿದ! ಗಕ್ಕನೆ ನಿಂತ, ಮಂಜಿನ ಪುಡಿ ಮೊಣಕಾಲೆತ್ತರ ಚಿಮ್ಮಿತು. ಅತ್ತೆ ಎದ್ದು ನಿಂತದ್ದು ಕಾಣಿಸಿತು. ಬೆಳಗ್ಗಿನಿಂದ ಕುದಿಯುತ್ತಿದ್ದ ಸಿಟ್ಟೆಲ್ಲ ಇಳಿದುಹೋಗಿ ಅವನಿಗೆ ಅಳುವೇ ಬಂದಂತಾಯಿತು.

ಮಂಜಿನ ಮೇಲಿದ್ದವರೆಲ್ಲ ಆಟ ಬಿಟ್ಟು ನೋಡುತ್ತಿದ್ದರು. ಆ ಊರಿನಲ್ಲಿ ಬಲಕ್ಕೆ ತಿರುಗುವ ಆಟಗಾರನನ್ನು ಅವರು ನೋಡಿ ಬಹಳ ವರ್ಷವಾಗಿತ್ತು. ಕ್ಯಾಪ್ಟನ್ ಬಾಗಿ ಅವನ ಬ್ಲೇಡನ್ನು ಬೆರಳಿನಿಂದ ಮುಟ್ಟಿದ.

‘ಸಾಣೆಯಮ್ಮ ಹಿಡಿದುಕೊಟ್ಳಾ?’

‘ಹೂಂ ಸಾರ್!’

‘ಶಹಬ್ಬಾಸ್. ಬಿಚ್ಚು.’

‘ಏನು ಸಾರ್?’

‘ಬ್ಲೇಡು ಬಿಚ್ಚು. ಸ್ಟಾಂಪಿನವನ ಬೂಟಿಗೂ ಇದೇ ಅಳತೆ. ಇಂಥಾ ಹರಿತ ನಿನ್ನ ಕಾಲಲ್ಲಿ ದಂಡ ಕಣೋ. ಅವನಿಗೆ ಹಾಕಿದ್ರೆ ಗೋಲು ಬರುತ್ತೆ.’

‘ಸಾರ್, ಮತ್ತೆ ನಾನು?’

‘ನೀನು ಅವನ ಬ್ಲೇಡು ಹಾಕ್ಕೊಂಡು ಬೆಂಚಿನ ಮೇಲೆ ಕೂತ್ಕೋ. ಅದರಲ್ಲಿ ನೀನೂ ಎಡಕ್ಕೆ ಮಾತ್ರ ತಿರುಗೋದು, ಅಂಥೋರು ನನ್ನ ಹತ್ರ ಬೇಕಾದಷ್ಟಿದಾರೆ. ನೋಂದಣಿಯವನೇ ಬಲಗಡೆ ಜೊತೆಗೆ ಎಡಗಡೇನೂ ಕಾಯ್ತಾನೆ.’

ಪಾರ್ಸೆಲ್ ಕೂಗಾಡಿದ. ಬಾಯಿಗೆ ಬಂದದ್ದೆಲ್ಲ ಅಂದ. ಮೇಲ್ವಿಚಾರಕನಿಗೆ ಅನ್ನಬಾರದ್ದನ್ನೂ ಅಂದ. ಅವನು ಕೂಗಾಡುತ್ತಿದ್ದಾಗಲೇ ಇಬ್ಬರು ಅವನ ಕಾಲು ಹಿಡಿದು ಬ್ಲೇಡು ಬಿಚ್ಚಿಕೊಂಡು ಹೋದರು.

ಸ್ಟಾಂಪಿನವನು ಅಂದು ಏಳು ಗೋಲು ಹೊಡೆದ. ವಿದ್ಯುತ್ ಕಚೇರಿಯವರು ಎಡಕ್ಕೆ ತಿರುಗಿ ಬರುವಷ್ಟರಲ್ಲಿ ಅವನು ಬಲಕ್ಕೆ ತಿರುಗಿ ಹೋಗಿರುತ್ತಿದ್ದ. ಪಂದ್ಯ ಮುಗಿದ ಮೇಲೆ ಕ್ಯಾಪ್ಟನ್ ಒಂದು ಅಂಚೆ ಮೂಟೆಯನ್ನು ತಂದು ಪಾರ್ಸೆಲ್‌ನ ತೊಡೆಯ ಮೇಲೆ ಧೊಪ್ಪನೆ ಇಟ್ಟ. ಒಳಗೆ ತಂಡದವರ ಬ್ಲೇಡುಗಳೆಲ್ಲ ಇದ್ದವು.

‘ಸಾಣೆಯಮ್ಮ ನಿನ್ನೊಬ್ಬನನ್ನೇ ಒಳಗೆ ಬಿಡೋದು. ಇನ್ಮೇಲೆ ವಾರ ವಾರ ಈ ಕೆಲಸ ನಿಂದು. ಮೂರು ದಿನ ಮುಂಚೆ ಹೋಗು, ಪಂದ್ಯದ ದಿನ ಹೋದ್ರೆ ಬೈತಾಳಂತೆ’ ಎಂದು ಹೇಳಿ ಹೊರಟುಹೋದ.

ಅತ್ತೆ ಮೆಟ್ಟಿಲಿಳಿದು ಬಂದರು. ಪಾರ್ಸೆಲ್ ಮೂಟೆ ಹೊತ್ತುಕೊಂಡು ಎದ್ದು ನಿಂತ. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

‘ನೋಡಿದೆ, ಅಳಿಯಂದ್ರೆ. ಕಣ್ಣಾರೆ ನೋಡಿದೆ. ನಿಮ್ಮ ಬ್ಲೇಡು ಬಹಳ ಚೆನ್ನಾಗಿ ಆಡ್ತು. ಇನ್ಮೇಲೆ ಶನಿವಾರ ನೀವು ಬರೋದೇನೂ ಬೇಡ, ಅದನ್ನ ಕಳಿಸಿಕೊಟ್ರೆ ಸಾಕು’ ಎಂದರು.