ಸಮುದ್ರ ಮಟ್ಟದಿಂದ ನನ್ನ ಎತ್ತರ

ಹೆಂಡತಿ ಎದುರು ಪಕ್ಷದವಳೆಂಬುದು ಮದುವೆಯಾದ ವಾರದಲ್ಲೇ ಯಾವ ಗಂಡಸಿಗೂ ಗೊತ್ತಾಗುತ್ತದೆ. ಆದರೆ ಹೆತ್ತ ತಾಯಿಯೂ ಆ ಪಕ್ಷದ ಗುಪ್ತ ಸದಸ್ಯೆ ಎಂಬ ಸತ್ಯ ನನಗೆ ತಿಳಿದದ್ದು ಈ ಬೇಸಿಗೆಯಲ್ಲಿ, ಅದೂ ಒಂದು ಕಂಬವನ್ನು ತಬ್ಬಿಕೊಂಡಿದ್ದಾಗ.

ನಾನು ಭೂಪಟ ಅಚ್ಚು ಹಾಕುವ ಕಚೇರಿಯಲ್ಲಿ ಕರಡು ತಿದ್ದುವವನು. ನಕ್ಷೆಯಲ್ಲಿ ನೀಲಿ ಬಣ್ಣದ ಸರೋವರಗಳ ಪಕ್ಕದಲ್ಲಿ ಇರುವೆ ಗಾತ್ರದ ಅಂಕಿಯೊಂದು ಇರುತ್ತದಲ್ಲ, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಅಂತ? ಅದು ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. (ಸಮುದ್ರವನ್ನು ನಾನು ಇನ್ನೂ ನೋಡಿಲ್ಲ. ಅದು ಬೇರೆ ವಿಷಯ.) ಯಾವ ಜಲಾಶಯ ಯಾವ ಸರೋವರಕ್ಕಿಂತ ಎಷ್ಟು ಮೇಲಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕಚೇರಿಯಲ್ಲಿ ನನ್ನನ್ನು 'ಮಟ್ಟದ ಮಹಾಶಯರು' ಎಂದೇ ಕರೆಯುತ್ತಾರೆ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ವಿಚಾರಿಸಲು ಹೋಗಿಲ್ಲ.

ನನ್ನಾಕೆ ಈಜು ಕಲಿಸುವವಳು. ಹುಟ್ಟಿದ್ದು ಸರೋವರದ ದಂಡೆಯ ಮನೆಯಲ್ಲಿ. ಅವಳ ಅಪ್ಪ, ಅಣ್ಣ, ಅತ್ತಿಗೆ ಎಲ್ಲರೂ ಬೆಳಗಿನ ಕಾಫಿಗೆ ಮೊದಲು ಆಚೆ ದಡ ಮುಟ್ಟಿ ಬರುವವರು. ನಾನೋ, ಬಕೆಟ್ಟು ಮತ್ತು ಚೊಂಬಿನ ಆಚೆಗೆ ನೀರಿನೊಂದಿಗೆ ಯಾವ ಸಂಬಂಧವನ್ನೂ ಬೆಳೆಸದವನು. ನೀರೆಂದರೆ ನನಗೆ ಭಯ. ಜೀವಭಯ. ಇದನ್ನು ಮದುವೆಯಾದಂದಿನಿಂದ ಹೆಂಡತಿಗೆ ಗೊತ್ತಾಗದ ಹಾಗೆ ಕಾಪಾಡಿಕೊಂಡು ಬಂದಿದ್ದೆ. ಅವಳ ತವರಿಗೆ ಹೋದರೆ ಮಾವನವರು "ಬನ್ನಿ ಅಳಿಯಂದ್ರೆ, ಒಂದು ಸುತ್ತು ಈಜೋಣ" ಅನ್ನದೆ ಬಿಡುವವರಲ್ಲ. ಆಗ ನನ್ನ ಮಾನ ಹೋಗುತ್ತದೆ, ಅದರ ಹಿಂದೆಯೇ ಪ್ರಾಣವೂ ಹೋಗುತ್ತದೆ.

ಅದಕ್ಕೇ ಮೊದಲ ವರ್ಷದ ರಜೆಗೆ ಯಾರ ಊರಿಗೆ ಹೋಗುವುದೆಂಬ ಜಗಳ ಬಂದಾಗ ನಾನೊಂದು ಮಹಾ ಉಪಾಯ ಹೂಡಿದೆ.

"ನೋಡು, ಜಗಳ ಬೇಡ. ವೈಜ್ಞಾನಿಕವಾಗಿ ತೀರ್ಮಾನ ಮಾಡೋಣ. ನಿಮ್ಮೂರಲ್ಲಿ ಸರೋವರ ಇದೆ, ನಮ್ಮೂರಲ್ಲಿ ಜಲಾಶಯ ಇದೆ. ಯಾರ ಊರಿನ ನೀರು ಮೇಲಿದೆಯೋ ಅವರ ಊರಿಗೆ."

"ಅದ್ಯಾವ ವಿಜ್ಞಾನಾನೋ!" ಅಂದರೂ ಹೊಸ ಹೆಂಡತಿಯಲ್ಲವೇ, ಒಪ್ಪಿಕೊಂಡಳು. ನಾನು ನಕ್ಷೆ ಬಿಡಿಸಿದೆ. ನಮ್ಮ ಜಲಾಶಯ ಎಂಟುನೂರ ಹನ್ನೆರಡು ಮೀಟರ್, ಅವರ ಸರೋವರ ಎಂಟುನೂರ ಹತ್ತು. ಮೀಸೆ ತಿರುವಿದೆ. (ಮೀಸೆ ಇರಲಿಲ್ಲ, ಆದರೂ ತಿರುವಿದೆ.) ಅಂದಿನಿಂದ ಪ್ರತಿ ಬೇಸಿಗೆಯೂ ನಮ್ಮೂರೇ. ಅಲ್ಲಿ ಜಲಾಶಯದ ದಂಡೆಯುದ್ದಕ್ಕೂ 'ನೀರಿಗೆ ಇಳಿಯಬಾರದು' ಎಂಬ ಫಲಕಗಳಿವೆ. ಅಷ್ಟು ಸೊಗಸಾದ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಈ ವರ್ಷ ರಜೆ ಹತ್ತಿರ ಬರುತ್ತಿದ್ದಂತೆ ನಾನು ಎಂದಿನಂತೆ ನಕ್ಷೆ ಬಿಡಿಸಿದೆ. ಆಕೆ ನಕ್ಷೆಯ ಕಡೆ ನೋಡಲೇ ಇಲ್ಲ. ಫೋನು ಕೈಗೆತ್ತಿಕೊಂಡು ನನ್ನ ತಾಯಿಗೆ ಕರೆ ಮಾಡಿದಳು. ನನಗೂ ಕೇಳಲೆಂದು ಸ್ಪೀಕರ್ ಬೇರೆ.

"ಅತ್ತೆ, ಊಟ ಆಯ್ತಾ? ಅಣೆಕಟ್ಟಿನಲ್ಲಿ ನೀರು ಎಷ್ಟಿದೆ?"

"ನೀರೆಲ್ಲಿದೆಯಮ್ಮ! ಸಾಯಂಕಾಲ ತಿರುಗಾಡೋಕೆ ಹೋದಾಗ ನೋಡ್ದೆ. ಗೋಡೆ ಮೇಲೆ ಬರೆದಿರೋ ಅಂಕಿ ಎಲ್ಲ ಒಂದೊಂದಾಗಿ ಹೊರಗೆ ಬಂದ್ಬಿಟ್ಟಿವೆ. ನೀರು ಈಗ ಎಂಟುನೂರ ಒಂಬತ್ತರ ಗೆರೆ ಮೇಲೆ ನಿಂತಿದೆ."

ಫೋನು ಇಟ್ಟು ನನ್ನ ಕಡೆ ತಿರುಗಿದಳು.

"ಕೇಳಿಸ್ತಾ? ನೀವು ಇಷ್ಟು ವರ್ಷ ತೋರಿಸಿದ್ದು ತುಂಬಿದ ಜಲಾಶಯದ ಮಟ್ಟ. ನಾವು ಹೋಗೋದು ಬೇಸಿಗೇಲಿ. ನಮ್ಮ ಸರೋವರ ಎಂಟುನೂರ ಹತ್ತು, ನಿಮ್ಮದು ಒಂಬತ್ತು. ಪೆಟ್ಟಿಗೆ ತುಂಬಲಾ?"

ಕರಡು ತಿದ್ದಿ ತಿದ್ದಿ ಪಳಗಿದ ನನ್ನ ಬುದ್ಧಿ ಸುಮ್ಮನಿರಲಿಲ್ಲ.

"ತಡಿ ತಡಿ. ಬೇಸಿಗೆ ನಮ್ಮೂರಿಗೆ ಮಾತ್ರ ಬರುತ್ತಾ? ನಿಮ್ಮ ಸರೋವರಾನೂ ಇಳಿದಿರತ್ತೆ. ಇವತ್ತಿನ ಮಟ್ಟ ಬೇಕು."

"ಸರಿ, ಅಪ್ಪನ್ನ ಕೇಳ್ತೀನಿ."

"ಮಾವನವರು ಹೇಳಿದ್ದು ಲೆಕ್ಕಕ್ಕಿಲ್ಲ. ಅವರು ಪಕ್ಷಪಾತಿ. ನಿಮ್ಮ ಮನೆಯವರು ಯಾರೂ ಅಳತೆ ನೋಡೋ ಹಾಗಿಲ್ಲ."

"ಮತ್ತೆ ಯಾರು ನೋಡ್ಬೇಕು?"

"ತಿಳಿದವರು. ನಿಷ್ಪಕ್ಷಪಾತಿಗಳು. ಅಂದರೆ ನಾನು." ಆವೇಶದಲ್ಲಿ ಮೇಜು ಗುದ್ದಿದೆ. "ಖುದ್ದಾಗಿ ಬಂದು ನೋಡ್ತೀನಿ. ನಿಮ್ಮದು ಎಂಟುನೂರ ಒಂಬತ್ತಕ್ಕಿಂತ ಒಂದು ಬೆರಳು ಕೆಳಗಿದ್ರೂ ಮಾರನೇ ದಿನವೇ ನಮ್ಮೂರಿನ ಬಸ್ಸು ಹತ್ತಬೇಕು."

"ಆಗಲಿ. ನೀವೇ ನೋಡಿ," ಅಂದಳು ಆಕೆ. ಅಷ್ಟು ಸುಲಭವಾಗಿ ಒಪ್ಪಿಕೊಂಡಾಗಲೇ ನಾನು ಅನುಮಾನಪಡಬೇಕಿತ್ತು.

ಹೋದೆವು. ಮಾವನ ಮನೆಯ ಜಗಲಿಯ ಮೇಲೆ ನನ್ನ ತಾಯಿ ಕಾಲು ಚಾಚಿ ಕೂತಿದ್ದರು.

"ಅಮ್ಮಾ! ನೀನಿಲ್ಲಿ?"

"ಸೊಸೆ ಕರೆದಳು, ಬಂದೆ. ಅಲ್ಲಿ ಬರೀ ಕೆಸರು ನೋಡ್ಕೊಂಡು ಏನು ಮಾಡ್ಲಿ?" ಅಂದರು. ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದರು. ಆಗಲೇ ಒಂದು ಸಲ ನೀರಿಗಿಳಿದು ಬಂದಾಗಿತ್ತು.

ಅಳತೆಯ ಕಂಬ ಎಲ್ಲಿ ಎಂದು ಕೇಳಿದೆ. ಮಾವನವರು ಬಲು ಮರ್ಯಾದೆಯಿಂದ ಬೆರಳು ತೋರಿಸಿದರು. ಕಂಬ ದಂಡೆಯಲ್ಲಿರಲಿಲ್ಲ. ನೀರಿನೊಳಗೆ, ಅಲ್ಲೆಲ್ಲೋ ದೂರದಲ್ಲಿ ನಿಂತಿತ್ತು. ಸರೋವರದ ಮಟ್ಟ ಅಳೆಯುವ ಕಂಬವನ್ನು ಸರೋವರದೊಳಗೇ ನೆಡುತ್ತಾರೆಂದು ಇಷ್ಟು ವರ್ಷದ ಸೇವೆಯಲ್ಲಿ ನನಗೆ ಹೊಳೆದೇ ಇರಲಿಲ್ಲ. ನಕ್ಷೆಯಲ್ಲಿ ಅಂಕಿ ಸರೋವರದ ಪಕ್ಕದಲ್ಲಿ, ಒಣನೆಲದ ಮೇಲಿರುತ್ತದೆ!

"ನಾನು ನೋಡ್ಕೊಂಡು ಬರ್ಲಾ ಅಳಿಯಂದ್ರೆ?"

"ಛೆ ಛೆ, ಅವರೇ ನೋಡ್ಬೇಕು ಅಪ್ಪ," ಅಂದಳು ನನ್ನಾಕೆ. "ನಾವೆಲ್ಲ ಪಕ್ಷಪಾತಿಗಳು."

ಪ್ಯಾಂಟು ಮಡಿಚಿದೆ. ಇಳಿದೆ. ಪಾದ, ಕಣಕಾಲು, ಮೊಣಕಾಲು. ಮಡಿಚಿದ ಪ್ಯಾಂಟು ತನ್ನ ಕೆಲಸ ಮುಗಿಯಿತೆಂದು ತಾನಾಗಿಯೇ ಬಿಚ್ಚಿಕೊಂಡಿತು. ಹಿಂದೆ ತಿರುಗಿದರೆ ದಂಡೆಯಲ್ಲಿ ಇಡೀ ಬಂಧುಬಳಗ. ಮುಂದೆ ಕಂಬ. ಇನ್ನೇನು ಕೈಗೆಟುಕಬೇಕು, ಅಷ್ಟರಲ್ಲಿ ಕಾಲ ಕೆಳಗಿನ ಕಲ್ಲು ಜಾರಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. "ಸತ್ತೆ! ಮುಳುಗಿದೆ! ಅಮ್ಮಾ!" ಎಂದು ಯಾರೋ ಕಿರುಚುತ್ತಿದ್ದರು. ಧ್ವನಿ ಪರಿಚಿತವಾಗಿತ್ತು.

"ಎದ್ದು ನಿಂತ್ಕೊಳೋ, ಸೊಂಟದಷ್ಟೂ ನೀರಿಲ್ಲ!" ಎಂದು ನನ್ನ ತಾಯಿ ದಂಡೆಯಿಂದ ಕೂಗಿದರು.

ಅಷ್ಟು ಹೊತ್ತಿಗೆ ನಾನು ಕಂಬವನ್ನು ಎರಡೂ ಕೈ, ಎರಡೂ ಕಾಲುಗಳಿಂದ ತಬ್ಬಿಕೊಂಡಿದ್ದೆ. ಬಿಳಿ ಬಣ್ಣ ಬಳಿದ ಕಂಬ. ಅದರ ಮೇಲೆ ಕಪ್ಪು ಅಂಕಿಗಳು. ಕಣ್ಣು ಬಿಟ್ಟು ನೋಡುತ್ತೇನೆ, ಎಂಟುನೂರ ಒಂಬತ್ತರ ಗೆರೆ ನೀರಿನಿಂದ ನಾಲ್ಕು ಬೆರಳು ಮೇಲಿದೆ! ಸರೋವರ ಇಳಿದಿತ್ತು. ನಮ್ಮ ಜಲಾಶಯವೇ ಎತ್ತರ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

"ಗೆದ್ದೆ!" ಎಂದು ಅರಚಿದೆ. "ನಾಲ್ಕು ಬೆರಳು ಕೆಳಗಿದೆ! ನಾನೇ ಗೆದ್ದೆ!"

ನನ್ನಾಕೆ ನಿಧಾನವಾಗಿ ನೀರಲ್ಲಿ ನಡೆದು ಬಂದು ಪಕ್ಕದಲ್ಲಿ ನಿಂತು, ಬಗ್ಗಿ ಗೆರೆ ನೋಡಿದಳು.

"ಹೌದು, ನಿಜ. ಮಾತು ಅಂದ್ರೆ ಮಾತು. ನಾಳೆ ಬೆಳಗಿನ ಬಸ್ಸಿಗೇ ನಿಮ್ಮೂರಿಗೆ ಹೋಗೋಣ. ಕಂಬ ಬಿಟ್ಟು ಬನ್ನಿ."

ನಾನು ಬಿಡಲಿಲ್ಲ. ಬಿಡಬೇಕೆಂದು ಕೈಗಳಿಗೆ ಹೇಳಿದೆ, ಅವು ಕೇಳಲಿಲ್ಲ.

"ನೀರು ಅಂದ್ರೆ ಭಯಾನಾ?" ಎಂದು ದಂಡೆಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

"ಯಾರು ಹೇಳಿದ್ದು?"

"ಅತ್ತೆ. ಮದುವೆಗೆ ಮುಂಚೆನೇ." ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ನೀವಾಗೇ ಹೇಳ್ತೀರೇನೋ ಅಂತ ಇಷ್ಟು ವರ್ಷ ಕಾದೆ. ಅಂದ ಹಾಗೆ, ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿ ಮುಳುಗ್ತಾ ಇದ್ರಿ?"

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಜೊತೆಗೆ ಮನಸ್ಸು ಏನೋ ಹಗುರವೂ ಆಯಿತು, ಸುಳ್ಳೇಕೆ ಹೇಳಲಿ. ಅವಳು ಕೈ ಚಾಚಿದಳು.

"ಬನ್ನಿ, ಹಿಡ್ಕೊಂಡಿದ್ದೀನಿ. ಬಸ್ಸಿಗೆ ಸೀಟು ಹಿಡಿಯೋಕೆ ಅಣ್ಣನಿಗೆ ಹೇಳ್ತೀನಿ."

ಕಂಬದಿಂದ ದಂಡೆಯವರೆಗಿನ ದೂರವನ್ನು ಒಮ್ಮೆ ನೋಡಿದೆ. ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡು, ಗೆದ್ದವನ ಗಾಂಭೀರ್ಯದಿಂದಲೇ ಹೇಳಿದೆ:

"ಅವಸರ ಏನಿದೆ? ಈ ರಜೆ ಪೂರ್ತಿ ನಿಮ್ಮೂರಲ್ಲೇ ಇದ್ದುಬಿಡೋಣ."