ಎಲ್ಲವೂ ಕೂಡಿಬಂದ ಭಾನುವಾರ

ತೊಂದರೆ ಅನುಭವಿಸಿದವರು ನಮ್ಮ ಅತ್ತೆ. ನೀರು ಬಿಡುವವರಲ್ಲ, ಕರೆಂಟು ತೆಗೆಯುವವರಲ್ಲ, ಸೌರಶಕ್ತಿಯ ಪರವಾಗಿ ತ್ಯಾಗರಾಜನಗರದ ಬೀದಿಬೀದಿಗಳಲ್ಲಿ ಭಾಷಣ ಮಾಡಿದ ನಾನಂತೂ ಅಲ್ಲವೇ ಅಲ್ಲ. ಎಪ್ಪತ್ತು ದಾಟಿದ ಆ ಹಿರಿಯ ಜೀವ ಒಂದು ಎಣ್ಣೆಸ್ನಾನಕ್ಕಾಗಿ ಹಂಬಲಿಸಿತು.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಬಹಳ ಪ್ರಿಯವಾದ ತತ್ತ್ವವೊಂದಿದೆ. ಒಂದು ಕಾರ್ಯಕ್ಕೆ ಬೇಕಾದ ಎಲ್ಲವೂ ರಾಶಿಯಾಗಿದ್ದು ಒಂದೇ ಒಂದು ಕೊರತೆಯಾದರೆ, ಆ ಕೊರತೆಯೇ ಉಳಿದೆಲ್ಲಕ್ಕೂ ಯಜಮಾನ. ಗೊಬ್ಬರ ಎಷ್ಟೇ ಸುರಿದರೂ ನೀರಿಲ್ಲದ ಗಿಡ ಬೆಳೆಯದು. ಅತ್ತೆಯ ಮಂಡಿನೋವಿಗೆ ಜಯನಗರದ ಡಾಕ್ಟರು ಹೇಳಿದ್ದೂ ಇದನ್ನೇ: ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸಾಲದು, ಮೈಮೇಲೆ ಬಿಸಿಲೂ ಬೀಳಬೇಕು. ಈ ತತ್ತ್ವವನ್ನು ಮಕ್ಕಳಿಗೆ ಅರ್ಥವಾಗುವಂತೆ ವಿವರಿಸಬಲ್ಲೆನೆಂಬ ಹೆಮ್ಮೆ ನನಗಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹೊಗೆಯಿಂದ ಹೆಂಗಸರ ಶ್ವಾಸಕೋಶಕ್ಕಾಗುವ ಅನ್ಯಾಯವನ್ನು ಖಂಡಿಸಿ, ಬಚ್ಚಲಿನ ತಾಮ್ರದ ಹಂಡೆಯನ್ನು ಅಟ್ಟಕ್ಕೇರಿಸಿ, ತಾರಸಿಯ ಮೇಲೆ ಸೋಲಾರ್ ಹಾಕಿಸಿದೆ. ಆಮೇಲೆ ಶುರುವಾಯಿತು. ಬಿಸಿಲು ರಣರಣ ಅನ್ನುವ ದಿನ ನಲ್ಲಿಯಲ್ಲಿ ಕಾವೇರಿ ಬಾರಳು. ಆಕೆ ಬಂದು ಸಂಪು ತುಂಬಿದ ದಿನ, ಅದನ್ನು ಮೇಲಿನ ಟ್ಯಾಂಕಿಗೆ ಎತ್ತುವ ಪಂಪಿಗೆ ಕರೆಂಟಿಲ್ಲ. ಎರಡೂ ಒಟ್ಟಿಗೆ ದಯಮಾಡಿಸಿದ ದಿನ ಆಕಾಶದ ತುಂಬ ಮೋಡ. ಪ್ರತಿಯೊಂದು ಅನ್ಯಾಯದ ವಿರುದ್ಧವೂ ಸಂಬಂಧಪಟ್ಟವರಿಗೆ ಅರ್ಜಿ ಬರೆದೆ, ಮೋಡಕ್ಕೊಂದನ್ನು ಬಿಟ್ಟು. "ಆ ಅರ್ಜಿಗಳನ್ನೆಲ್ಲ ಒಲೆಗೆ ಹಾಕಿದ್ದಿದ್ರೆ ಅಮ್ಮನಿಗೆ ಒಂದು ಹಂಡೆ ನೀರು ಕಾಯ್ತಿತ್ತು ಕಣೇ" ಎಂದರು ನಮ್ಮ ಯಜಮಾನರು. ಚಳವಳಿಗಳ ಇತಿಹಾಸದಲ್ಲಿ ಇಂಥ ಮನೆಯೊಳಗಿನ ವಿರೋಧ ಹೊಸದಲ್ಲವೆಂದು ನಾನು ಸಹಿಸಿಕೊಂಡೆ.

ಕೊನೆಗೂ ಒಂದು ಭಾನುವಾರ ಬಿಸಿಲು, ನೀರು, ಕರೆಂಟು ಮೂರೂ ಕೂಡಿಬಂದವು. ಬಚ್ಚಲ ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು. ಅತ್ತೆ ಆಗಲೇ ಬಟ್ಟಲಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡಿದ್ದರು. ವಿಜ್ಞಾನ ಗೆದ್ದಿತೆಂದು ಅವರಿಗೆ ತಿಳಿಸಿ, ಬೀದಿದೀಪಗಳ ವಿಚಾರವಾಗಿ ಕರೆದಿದ್ದ ನಾಗರಿಕ ಸಮಿತಿಯ ಸಭೆಗೆ ತಿಲಕ್ ನಗರಕ್ಕೆ ಓಡಿದೆ. ಯಜಮಾನರು ತರಕಾರಿಗೆ ಹೋಗಿದ್ದರು.

ಮಧ್ಯಾಹ್ನ ಬಂದು ನೋಡಿದರೆ ಅತ್ತೆ ಸೀರೆಯುಟ್ಟು ಕೂತಿದ್ದಾರೆ. ತಲೆಯಲ್ಲಿ ಎಣ್ಣೆ ಹಾಗೆಯೇ ಜಿಡ್ಡುಗಟ್ಟಿದೆ. ನೀರು ನಿಂತುಹೋಯಿತೇ ಎಂದು ಕೇಳಿದೆ. ಕೇಳುವಾಗಲೇ ಮನಸ್ಸಿನಲ್ಲಿ ಅರ್ಜಿಯ ಮೊದಲ ಸಾಲು ಸಿದ್ಧವಾಗಿತ್ತು.

"ನೀರಿಗೇನಮ್ಮಾ, ಸುಡ್ತಾ ಇತ್ತು. ಎರಡು ಕೈಯಲ್ಲೂ ತಲೆ ತಿಕ್ಕೊಂಡ್ರೆ ಎರೆಯೋರು ಯಾರು? ಈ ಕೈ ಚೊಂಬೆತ್ತಲ್ಲ."

ಆಮೇಲೆ, ತೀರಿಹೋದ ತಮ್ಮ ವಾರಗಿತ್ತಿ ಶಾಂತಮ್ಮನ ಮಾತು ತೆಗೆದರು. ಉಸಿರಾಡಲು ಬಿಡದಂತೆ ಚೊಂಬಿನ ಮೇಲೆ ಚೊಂಬು ಸುರಿಯುತ್ತಿದ್ದಳಂತೆ. ಕಣ್ಣಿಗೆ ಸೀಗೆಪುಡಿ ಹೋಯಿತೆಂದರೆ, "ಬಾಯಿ ಮುಚ್ಕೊಂಡು ಕಣ್ಣೂ ಮುಚ್ಚೇ" ಎಂದು ಗದರುತ್ತಿದ್ದಳಂತೆ. ಹೇಳುತ್ತಾ ಅತ್ತೆ ನಕ್ಕರು. ನಗು ಮುಗಿದ ಮೇಲೆ, "ಅವಳು ಹೋದ ಮೇಲೆ ತಲೆ ಮೇಲೆ ನೀರು ಬಿದ್ದಿದೆ ಅಷ್ಟೆ. ಯಾರೂ ಎರೆದಿಲ್ಲ" ಎಂದರು.

ನನ್ನ ತಲೆಗೂ ಯಾರಾದರೂ ನೀರೆರೆದು ಎಷ್ಟು ಕಾಲವಾಯಿತೋ ಎಂದು ಯೋಚಿಸಿದೆ. ಬಿಸಿಲು, ನೀರು, ಕರೆಂಟು ಎಲ್ಲಕ್ಕೂ ಹೊಣೆಗಾರರನ್ನು ಹುಡುಕಿದ್ದೆ. ಬಚ್ಚಲಲ್ಲಿ ಒಂದು ಜೊತೆ ಕೈ ಕಡಿಮೆಯಾಗಿದ್ದು ನನ್ನ ಯಾವ ಅರ್ಜಿಯಲ್ಲೂ ಬಂದಿರಲಿಲ್ಲ.

ಆದ್ದರಿಂದ ನಮ್ಮ ನಾಗರಿಕ ಸಮಿತಿಯ ಕಾರ್ಯದರ್ಶಿಯವರ ಮುಂದೆ ಈ ಸ್ಪಷ್ಟ ಬೇಡಿಕೆಯನ್ನಿಡುತ್ತಿದ್ದೇನೆ: ಇನ್ನು ಮುಂದೆ ಭಾನುವಾರ ಬೆಳಗ್ಗೆ ಯಾವ ಸಭೆಯನ್ನೂ ಕರೆಯತಕ್ಕದ್ದಲ್ಲ. ಕಾರ್ಯದರ್ಶಿ ನಾನೇ ಆಗಿರುವುದರಿಂದ ಹಾರಿಕೆಯ ಉತ್ತರ ಬರುವ ಸಂಭವವಿದೆ. ಹಾಗಾದಲ್ಲಿ ನಮ್ಮ ಅತ್ತೆಯವರು ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲೇ ಧರಣಿ ಕೂರತಕ್ಕದ್ದು. ಧರಣಿ ಕೂರುವುದು ಹೇಗೆಂದು ಅವರಿಗೆ ಕಲಿಸಿದವಳೂ ನಾನೇ.